ಅತ್ತೆಯ ದುಡಿಮೆ ಯಾವ ಲೆಕ್ಕದಲ್ಲಿದೆ?

ಸಂಪಾದಕರೇ,

ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪನ್ನ, ಇಷ್ಟು ಬೆಳೆಯಿತು, ಅಷ್ಟು ಬೆಳೆಯಿತು ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನನಗೆ ನಮ್ಮ ಮನೆಯ ಪಡಸಾಲೆ ಕಣ್ಮುಂದೆ ಬರುತ್ತದೆ. ಶಿವರಾತ್ರಿ ಆಸುಪಾಸಿಗೆ ಅಲ್ಲಿ ಹುಣಸೆಹಣ್ಣಿನ ಚೀಲಗಳು ಬಂದು ಬೀಳುತ್ತವೆ. ಅಲ್ಲಿಂದ ಮೂರು ತಿಂಗಳು ಅತ್ತೆಗೆ ಬಿಡುವಿಲ್ಲ. ಬೆಳಿಗ್ಗೆ ಮುದ್ದೆ ಉಂಡು ಕೂತರೆ ಸಂಜೆ ದೀಪ ಹಚ್ಚುವವರೆಗೂ ಅದೇ ಕೆಲಸ. ಓಡು ಬಿಡಿಸಬೇಕು, ನಾರು ಕೀಳಬೇಕು, ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ತೆಗೆಯಬೇಕು. ಹುಳಿ ತಾಗಿ ತಾಗಿ ಬೆರಳ ತುದಿ ಬಿರಿಯುತ್ತದೆ. ರಾತ್ರಿ ಎಣ್ಣೆ ಸವರಿಕೊಂಡು ಮಲಗುತ್ತಾರೆ. ಹಣ್ಣು ಮಂಡಿಯವರದು, ನಮಗೆ ಕಿಲೋ ಲೆಕ್ಕದಲ್ಲಿ ಕೂಲಿ. ಅಡುಗೆ ಮುಗಿಸಿ ನಾನೂ ಕೂರುತ್ತೇನೆ.

ಎರಡು ವರ್ಷದ ಹಿಂದೆ ಯಾವುದೋ ಸಮೀಕ್ಷೆಗೆಂದು ಒಬ್ಬ ಹುಡುಗ ಟ್ಯಾಬ್ ಹಿಡಿದು ಬಂದಿದ್ದರು. ‘ಅಜ್ಜಿ, ನೀವೇನು ಕೆಲಸ ಮಾಡ್ತೀರಿ?’ ಎಂದು ಕೇಳಿದರು. ‘ನಂದೇನ್ ಕೆಲ್ಸ ಸಾಮಿ, ಮನೇಲೇ ಇರ್ತೀನಿ’ ಅಂದರು ಅತ್ತೆ. ಹಾಗೆ ಹೇಳುವಾಗಲೂ ಅವರ ಕೈ ನಿಂತಿರಲಿಲ್ಲ. ಪಕ್ಕದಲ್ಲೇ ಬೀಜದ ರಾಶಿ. ಆ ಹುಡುಗ ‘ಮನೆಗೆಲಸ’ ಅಂತ ಒತ್ತಿದರು. ನಾನು ಅಡುಗೆಮನೆಯಿಂದ ಬಂದು, ‘ಸರ್, ಅದು ನಮ್ಮನೆ ಹಣ್ಣಲ್ಲ, ಕೂಲಿಗೆ ಬಿಡಿಸ್ತಿರೋದು’ ಎಂದೆ. ಒಳ್ಳೆಯ ಹುಡುಗ, ತಕ್ಷಣ ತಿದ್ದಿಕೊಂಡರು. ಎಷ್ಟು ತಿಂಗಳು, ದಿನಕ್ಕೆ ಎಷ್ಟು ಗಂಟೆ, ದುಡ್ಡು ಯಾರು ಕೊಡ್ತಾರೆ, ಎಲ್ಲ ಕೂತು ಬರೆದುಕೊಂಡರು. ಆವತ್ತು ನಾನು ತವರಿಗೆ ಹೋಗಿದ್ದರೆ ಅತ್ತೆ ದುಡಿಯದವರ ಸಾಲಿಗೇ ಸೇರುತ್ತಿದ್ದರು, ಅಲ್ವಾ?

ಅತ್ತೆ ಸುಳ್ಳು ಹೇಳಲಿಲ್ಲ. ಹೊಸಿಲು ದಾಟಿ ಹೋದರೆ ಮಾತ್ರ ಕೆಲಸ ಎಂದು ಅವರು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದಿದ್ದಾರೆ.

ನಾನು ಬಿ.ಕಾಂ. ಓದಿದವಳು. ಆಮೇಲೆ ಇದನ್ನೆಲ್ಲ ಹುಡುಕಿ ಓದಿದೆ. ಪಿಎಲ್‌ಎಫ್‌ಎಸ್ ಎಂಬ ಕಾರ್ಮಿಕರ ಸಮೀಕ್ಷೆ 2017ರಿಂದ ನಡೆಯುತ್ತಿದೆ. ಅದರ ನಿಯಮದಲ್ಲಿ ವರ್ಷಕ್ಕೆ 30 ದಿನ ದುಡಿದವರನ್ನೂ ಉಪಕಸುಬಿನವರು ಎಂದು ಎಣಿಸಲು ಜಾಗವಿದೆ. ನಮ್ಮದು ಮೂರು ತಿಂಗಳ ದುಡಿಮೆ. ಅಂದರೆ ಕೊರತೆ ಇರುವುದು ನಿಯಮದಲ್ಲಿ ಅಲ್ಲ, ಕೇಳುವ ಮಾತಿನಲ್ಲಿ. ಜಿಡಿಪಿಗೆಂದು ಅಸಂಘಟಿತ ವಲಯದ, ಅಂದರೆ ನಮ್ಮಂಥ ಸಣ್ಣಪುಟ್ಟ ಕಸುಬಿನವರ, ಲೆಕ್ಕ ಹಾಕುವಾಗ ದುಡಿಯುವವರು ಎಷ್ಟು ಜನ ಎಂಬುದನ್ನು ಒಂದು ಸಮೀಕ್ಷೆಯಿಂದ ತೆಗೆದುಕೊಂಡು, ಒಬ್ಬೊಬ್ಬರ ದುಡಿಮೆಯ ಬೆಲೆ ಎಷ್ಟು ಎಂಬುದನ್ನು ಇನ್ನೊಂದರಿಂದ ತೆಗೆದುಕೊಂಡು ಗುಣಿಸುತ್ತಾರೆ. ತಲೆ ಎಣಿಕೆಯಲ್ಲೇ ಅತ್ತೆ ಬಿಟ್ಟುಹೋದರೆ ಗುಣಿಸುವುದು ಏನನ್ನು?

2023-24ರ ಉದ್ದಿಮೆಗಳ ಸಮೀಕ್ಷೆ ಪ್ರಕಾರ ದೇಶದಲ್ಲಿ ಕಂಪನಿ ಎಂದು ನೋಂದಣಿಯಾಗದ ಅಂಗಡಿ, ಕಸುಬು, ಸೇವೆಗಳು 7.34 ಕೋಟಿ. ದುಡಿಯುವವರು 12 ಕೋಟಿಗೂ ಜಾಸ್ತಿ. ಬೇಸಾಯ, ಕಟ್ಟಡ ಕೆಲಸ ಇದರಲ್ಲಿ ಸೇರಿಲ್ಲ. ಇಷ್ಟು ದೊಡ್ಡ ವಲಯದ ಲೆಕ್ಕ 2011-12ನ್ನು ಮೂಲ ವರ್ಷ (ಹೋಲಿಕೆಗೆ ಹಿಡಿಯುವ ವರ್ಷ) ಮಾಡಿಕೊಂಡ ಜಿಡಿಪಿಯಲ್ಲಿ ಬಹುಕಾಲ ನಿಂತಿದ್ದು 2010-11ರ ಸಮೀಕ್ಷೆಯ ಮೇಲೆ. ಮಧ್ಯದ ವರ್ಷಗಳಿಗೆ ಕಂಪನಿಗಳ ಉತ್ಪಾದನೆಯಂಥ ಬೇರೆ ಬೇರೆ ಸೂಚಕ ನೋಡಿ ಅಂದಾಜು. ಈಗ ಮೂಲ ವರ್ಷವನ್ನು 2022-23ಕ್ಕೆ ತಂದು, ವರ್ಷವರ್ಷದ ಸಮೀಕ್ಷೆಯನ್ನೇ ಹಿಡಿಯುತ್ತಿದ್ದಾರೆ. ನನಗೆ ಇದು ನಿಜಕ್ಕೂ ಸಂತೋಷದ ವಿಷಯ.

ಯಾಕೆಂದರೆ ಅಂದಾಜು ಎಲ್ಲಿ ತಪ್ಪುತ್ತದೆ ಎಂದು 2020ರಲ್ಲಿ ನಾವೇ ಕಂಡೆವು. ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು. ನಮಗೆ ಅದೇ ಸುಗ್ಗಿ. ಬಿಡಿಸಿದ ಹಣ್ಣು ಮೂಲೆಯಲ್ಲಿ ಕಟ್ಟಿಟ್ಟಂತೆಯೇ ಇತ್ತು. ಬಟವಾಡಿಯ ಮಂಡಿ ಕಡೆಯಿಂದ ಗಾಡಿ ಬರಲಿಲ್ಲ, ಹೊಸ ಚೀಲವೂ ಇಲ್ಲ, ಕೂಲಿಯೂ ಇಲ್ಲ. ಅದೇ ಹೊತ್ತಿನಲ್ಲಿ ಪಕ್ಕದ ದಿನಸಿ ಅಂಗಡಿಯಲ್ಲಿ ಕಂಪನಿಯ ಹುಣಸೆಹಣ್ಣಿನ ಪ್ಯಾಕೆಟ್ ಮಾಮೂಲಿನಂತೆ ಮಾರಾಟವಾಗುತ್ತಿತ್ತು. ಆ ಪ್ಯಾಕೆಟ್ಟಿನ ಲೆಕ್ಕ ನೋಡಿ ನಮ್ಮ ಬೀದಿಯ ಸಂಪಾದನೆಯೂ ಹಾಗೇ ಇದೆ ಎಂದು ಬರೆದರೆ ಹೇಗೆ?

ನನ್ನ ಕೋರಿಕೆ ಇಷ್ಟೇ. ಸಮೀಕ್ಷೆಗೆ ಬರುವವರು ‘ಏನು ಕೆಲಸ’ ಎಂದು ಕೇಳಿ ಸುಮ್ನೆ ಮುಂದಕ್ಕೆ ಹೋಗಬಾರದು. ‘ಮನೇಲಿ ಕೂತು ದುಡ್ಡಿಗೆ ಏನಾದ್ರೂ ಮಾಡ್ತೀರಾ? ಬೀಡಿ ಕಟ್ತೀರಾ, ಊದುಬತ್ತಿ ಹೊಸೀತೀರಾ, ಹೂ ಕಟ್ತೀರಾ, ಹುಣಸೆಹಣ್ಣು ಬಿಡಿಸ್ತೀರಾ?’ ಎಂದು ಒಂದೊಂದೇ ಹೆಸರು ಹಿಡಿದು ಕೇಳಬೇಕು. ಆಯಾ ಜಿಲ್ಲೆಯಲ್ಲಿ ಯಾವ ಕೆಲಸ ಜಾಸ್ತಿಯೋ ಅದರ ಹೆಸರು ಅವರ ಟ್ಯಾಬಿನಲ್ಲಿ ಮೊದಲೇ ಇರಬೇಕು. ಉತ್ತರವನ್ನು ಮನೆಯ ಗಂಡಸರ ಬಾಯಿಂದಲ್ಲ, ಆ ಹೆಂಗಸಿನಿಂದಲೇ ಪಡೆಯಬೇಕು.

ಎಷ್ಟು ಚೀಲ ಬಂತು, ಎಷ್ಟು ಕಿಲೋ ಬಿಡಿಸಿದೆವು, ಕೂಲಿ ಯಾವತ್ತು ಕೈಗೆ ಬಂತು, ಎಲ್ಲವನ್ನೂ 2019ರಿಂದ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಯಾರೇ ಬಂದು ಕೇಳಿದರೂ ತೆಗೆದು ತೋರಿಸುತ್ತೇನೆ.

— ಹುಣಸೆಹಣ್ಣು ಬಿಡಿಸುವ ಮನೆಯ ಸೊಸೆ, ಕ್ಯಾತ್ಸಂದ್ರ, ತುಮಕೂರು