ಮಗಳಿಗೊಂದು ಪತ್ರ: ಆ ಪ್ರಶ್ನೆಗೆ ‘ಹೌದು’ ಅಂತಲೇ ಬರೆ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
ಬುಧವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನೆ ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಸ್ಯಾಕ್ರಮೆಂಟೊದಲ್ಲಿ ಮೂರನೇ ಅಪಾರ್ಟ್‌ಮೆಂಟಿನವರೂ ಬಾಡಿಗೆಗೆ ಕೊಡಲು ಆಗಲ್ಲ ಅಂದರು ಅಂತ ಹೇಳುವಾಗ ನಿನ್ನ ದನಿ ನಡುಗುತ್ತಿತ್ತು. ‘ನನ್ನ ಹೆಸರಲ್ಲಿ ಎವಿಕ್ಷನ್, ಕೋರ್ಟು ಮನೆ ಬಿಡಿಸಿದ ದಾಖಲೆ, ಇದೆಯಂತೆ ಅಮ್ಮಾ. ನಮ್ಮ ಮನೇಲಿ ಯಾರಿಗೂ ಹೀಗಾಗಿಲ್ಲ ಅಲ್ವಾ?’ ಅಂತ ಕೇಳಿದೆ. ನಾನು ಸುಮ್ಮನಾದೆ. ಅಮ್ಮನಿಗೆ ಕೋಪ ಬಂತು ಅಂದುಕೊಂಡೆಯೋ ಏನೋ. ಕೋಪ ಅಲ್ಲ ಕಣೇ. ಉತ್ತರ ಹೇಳಲು ಬಾಯಿ ಬರಲಿಲ್ಲ.

ಆಗಿದೆ, ಪುಟ್ಟಿ. ನಮಗೇ ಆಗಿದೆ. 2009ರಲ್ಲಿ. ಆಗ ನಿನಗೆ ಏಳು ವರ್ಷ.

ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಕಲಿತದ್ದು ನಿನಗೆ ಇಷ್ಟು ಓದಲು ಸಾಕು. ನಿಧಾನವಾಗಿ ಓದು. ಅರ್ಥವಾಗದ ಕಡೆ ಗುರುತು ಹಾಕಿಟ್ಟುಕೋ.

ಆ ವರ್ಷ ಫೆಬ್ರವರಿಯಲ್ಲಿ ಅಪ್ಪನ ಕೆಲಸ ಹೋಯಿತು. ಕೂಡಿಟ್ಟದ್ದು ಆಗಸ್ಟ್‌ವರೆಗೆ ಬಂತು. ಸೆಪ್ಟೆಂಬರ್ ಬಾಡಿಗೆ ಕಟ್ಟಲಾಗಲಿಲ್ಲ, ಅಕ್ಟೋಬರಿನದೂ ಇಲ್ಲ. ಒಂದು ಮಧ್ಯಾಹ್ನ ನಿನ್ನನ್ನು ಸ್ಕೂಲಿನಿಂದ ಕರೆದುಕೊಂಡು ಬಂದರೆ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. ಮೂರು ದಿನದಲ್ಲಿ ಬಾಡಿಗೆ ಕಟ್ಟಿ, ಇಲ್ಲವೇ ಮನೆ ಬಿಡಿ ಅಂತ. ನೀನು ಆಗಷ್ಟೇ ಓದಲು ಕಲಿತಿದ್ದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದೆ. ‘ತ್ರೀ ಡೇ’ ಅಂತ ಶುರು ಮಾಡಿದೆ. ನಾನು ಹಾಳೆ ಕಿತ್ತು ಮಡಚಿ ಸ್ವೆಟರ್ ಜೇಬಿಗೆ ತುರುಕಿಕೊಂಡೆ. ಟೇಪಿನ ಜೊತೆ ಬಾಗಿಲಿನ ಬಣ್ಣವೂ ಎದ್ದು ಬಂತು. ಅಂಗೈ ಅಗಲದ ಬಿಳಿ ಗುರುತು ಉಳಿಯಿತು. ದೀಪಾವಳಿ ಹತ್ತಿರ ಇತ್ತಲ್ಲ, ನೀನು ಕ್ರೇಯಾನಿನಲ್ಲಿ ಬರೆದ ಹಣತೆಯ ಚಿತ್ರವನ್ನು ಆ ಗುರುತಿನ ಮೇಲೆ ಅಂಟಿಸಿದೆ. ನಿನ್ನ ಚಿತ್ರ ಎಲ್ಲರಿಗೂ ಕಾಣಲಿ ಅಂತ ಅಮ್ಮ ಹೊರಗೆ ಹಾಕಿದಳು ಅಂತ ನೀನು ಕುಣಿದಾಡಿದೆ.

ಆಮೇಲೆ ಕೋರ್ಟಿನ ಕಾಗದ ಬಂತು. ಆಗ ಉತ್ತರ ಕೊಡಲು ಐದೇ ದಿನ. ಅಪ್ಪ ಕಾಗದವನ್ನು ಟೇಬಲ್ ಮೇಲಿಟ್ಟುಕೊಂಡು ಎರಡು ರಾತ್ರಿ ಕೂತರು. ಊರಲ್ಲಿ ತಾತನ ಹೊಲದ ಕೇಸು ವರ್ಷಗಟ್ಟಲೆ ಎಳೆದದ್ದನ್ನು ಕಂಡವರು ಅವರು. ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಅನ್ನುವುದು ನಮ್ಮ ಕಡೆಯ ಮಾತು. ಆ ಮಾತು ಕಟ್ಟಿಕೊಂಡು ನಾವು ಕೋರ್ಟಿನ ಕಡೆ ತಲೆಯೇ ಹಾಕಲಿಲ್ಲ. ಉತ್ತರ ಕೊಡದಿದ್ದರೆ ಇಲ್ಲಿ ಓನರ್ ಕೇಳಿದ್ದೇ ತೀರ್ಪು ಆಗುತ್ತದೆ. ಹಾಗೇ ಆಯಿತು. ಕೋರ್ಟಿನ ಆದೇಶ ಜಾರಿ ಮಾಡುವ ಶೆರಿಫ್ ಕಡೆಯವರು ಬೀಗ ಹಾಕುವ ದಿನ ಬರೆದ ನೋಟಿಸ್ ಅಂಟಿಸಿ ಹೋದರು. ನಾವು ಅದರ ಹಿಂದಿನ ರಾತ್ರಿ ಹೊರಟೆವು. ಇಡ್ಲಿ ಸ್ಟ್ಯಾಂಡು, ಕುಕ್ಕರು, ಒಗ್ಗರಣೆ ಡಬ್ಬಿ ಎಲ್ಲ ಕಪ್ಪು ಕಸದ ಚೀಲಗಳಲ್ಲಿ. ಯಾಕಮ್ಮಾ ಅಂತ ಕೇಳಿದೆ. ಮಿಲ್ಪಿಟಸ್ ಆಂಟಿ ಮನೆಗೆ ರಜೆಗೆ ಹೋಗ್ತಿದ್ದೀವಿ ಅಂದೆ. ಆ ರಜೆ ಮೂರು ತಿಂಗಳಾಯಿತು.

ಜನವರಿಯಲ್ಲಿ ಅಪ್ಪನಿಗೆ ಕೆಲಸ ಸಿಕ್ಕಿತು. ಮನೆ ಸಿಗಲಿಲ್ಲ. ಬಾಡಿಗೆ ಮನೆಯ ಅರ್ಜಿ ಫಾರಂನಲ್ಲಿ ಆ ಪ್ರಶ್ನೆ ಇರುತ್ತದೆ ನೋಡು, ಎಂದಾದರೂ ಎವಿಕ್ಟ್ ಆಗಿದ್ದೀರಾ ಅಂತ. ನಾಲ್ಕು ಕಡೆ ‘ಇಲ್ಲ’ ಅಂತ ಬರೆದೆವು. ನಾಲ್ಕು ಕಡೆಯೂ ಅರ್ಜಿಯ ಫೀ ಹೋಯಿತು, ಮನೆ ಬರಲಿಲ್ಲ. ಒಂದು ಕಡೆ ಲೀಸಿಂಗ್ ಆಫೀಸಿನ ಹುಡುಗ ನಮ್ಮ ಎದುರಿಗೇ ಕಂಪ್ಯೂಟರ್ ನೋಡಿದ, ಫಾರಂ ನೋಡಿದ, ಮತ್ತೆ ಕಂಪ್ಯೂಟರ್ ನೋಡಿದ. ಆಮೇಲೆ ಫಾರಂ ಅನ್ನು ತಿರುಗಿಸಿ, ‘ಇಲ್ಲ’ ಅಂತ ಅಪ್ಪ ಬರೆದ ಜಾಗ ನಮಗೆ ಕಾಣುವ ಹಾಗೆ ಮುಂದಕ್ಕೆ ತಳ್ಳಿದ. ಒಂದು ಮಾತೂ ಆಡಲಿಲ್ಲ. ಕಾರಿಗೆ ಬಂದು ಕೂತ ಮೇಲೆ ಅಪ್ಪ ಹೇಳಿದರು, ‘ಬಾಡಿಗೆ ಕಟ್ಟದವನು ಅಂತ ಇತ್ತು. ಈಗ ಸುಳ್ಳು ಹೇಳುವವನೂ ಆದೆ.’ ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದು ಸಲ.

ಯೂನಿಯನ್ ಸಿಟಿಯ ನಿಂಬೆ ಗಿಡದ ಮನೆ ನೆನಪಿದೆ ಅಲ್ವಾ? ಆ ಮನೆಯ ಅಜ್ಜಿಯ ಹತ್ತಿರ ನಾವು ಫಾರಂ ಮುಟ್ಟುವ ಮೊದಲೇ ಹೇಳಿದೆವು. ಹೀಗೆ ಕೆಲಸ ಹೋಯಿತು, ಎರಡು ತಿಂಗಳು ಬಾಡಿಗೆ ತಪ್ಪಿತು, ಕೋರ್ಟು ಮನೆ ಬಿಡಿಸಿತು ಅಂತ. ಅದಕ್ಕೂ ಮುಂಚೆ ಮೂರು ವರ್ಷ ತಪ್ಪದೆ ಕಟ್ಟಿದ ಚೆಕ್ಕುಗಳ ನಕಲು, ಕೆಲಸ ತೆಗೆದ ಪತ್ರ, ಹೊಸ ಕೆಲಸದ ಪತ್ರ ಎಲ್ಲ ಒಂದು ಫೈಲಿನಲ್ಲಿ ಇಟ್ಟುಕೊಂಡು ಹೋಗಿದ್ದೆವು. ಅವರು ಅಡುಗೆಮನೆ ಟೇಬಲ್ ಮೇಲೆ ಒಂದೊಂದೇ ಹಾಳೆಯನ್ನು ಬೆರಳಿಟ್ಟು ಓದಿದರು. ಕೊನೆಗೆ ಕೇಳಿದ್ದು ಒಂದೇ ಮಾತು: ಹಳೇ ಬಾಕಿ ಏನು ಮಾಡಿದಿರಿ? ಅಪ್ಪ ಜೇಬಿನಿಂದ ಎರಡು ರಸೀದಿ ತೆಗೆದರು. ಹಳೇ ಓನರ್‌ಗೆ ತಿಂಗಳಿಗೆ 200 ಡಾಲರ್ ಕಟ್ಟಲು ಶುರು ಮಾಡಿದ್ದರು. ಅಜ್ಜಿ ಎರಡನ್ನೂ ನೋಡಿ, ಹಿಂದಕ್ಕೆ ಕೊಟ್ಟು, ಬೀಗದ ಕೈ ತರಲು ಒಳಗೆ ಹೋದರು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಡೇವಿಸ್ ಮನೆಯ ಲೀಸಿನಲ್ಲಿ ನೀನು, ನಿನ್ನ ಇಬ್ಬರು ಗೆಳತಿಯರು, ಮೂವರ ಹೆಸರೂ ಇತ್ತು. ನೀನು ಕೆಲಸಕ್ಕೆ ಅಂತ ಜೂನ್‌ನಲ್ಲಿ ಹೊರಟೆ, ನಿನ್ನ ಪಾಲು ಕಟ್ಟಿಯೇ ಹೊರಟೆ. ಆದರೆ ಲೀಸಿನಿಂದ ಹೆಸರು ತೆಗೆಸಲಿಲ್ಲ. ಅಂಥ ಲೀಸಿನಲ್ಲಿ ‘ನನ್ನ ಪಾಲು’ ಅಂತ ಇರುವುದಿಲ್ಲ ಪುಟ್ಟಿ. ಪೂರ್ತಿ ಬಾಡಿಗೆಗೆ ಮೂವರಲ್ಲಿ ಪ್ರತಿಯೊಬ್ಬರೂ ಹೊಣೆ. ಉಳಿದವರು ಕಟ್ಟಲಿಲ್ಲ. ಕೋರ್ಟಿನ ಕಾಗದ ಹಳೇ ವಿಳಾಸಕ್ಕೆ ಹೋಯಿತು. ನೀನು ನೋಡಲೇ ಇಲ್ಲ. ನಾವು ಹೆದರಿ ಉತ್ತರ ಕೊಡಲಿಲ್ಲ, ನೀನು ಗೊತ್ತಿಲ್ಲದೆ ಕೊಡಲಿಲ್ಲ. ಕಂಪ್ಯೂಟರ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಮೊದಲು, ಬಾಡಿಗೆದಾರರ ಬಗ್ಗೆ ಓನರ್‌ಗಳು ತರಿಸಿ ನೋಡುವ ಆ ರಿಪೋರ್ಟ್ ತರಿಸಿಕೋ. ಇಲ್ಲ ಅಂದವರು ಯಾವ ಕಂಪನಿಯ ರಿಪೋರ್ಟ್ ನೋಡಿ ಇಲ್ಲ ಅಂದರು ಅಂತ ನಿನಗೆ ತಿಳಿಸಲೇಬೇಕು. 1970ರಿಂದ ಇರುವ ಕಾನೂನು ಅದು. 60 ದಿನದೊಳಗೆ ಕೇಳಿದರೆ ಆ ಕಂಪನಿ ನಿನಗೆ ಒಂದು ಪ್ರತಿ ಪುಕ್ಕಟೆ ಕೊಡಬೇಕು. ಕ್ರೆಡಿಟ್ ರಿಪೋರ್ಟ್ ಚೆನ್ನಾಗಿದೆಯಲ್ಲ ಅಂದೆ ನೀನು. ಅದು ಬೇರೆ, ಇದು ಬೇರೆ. 2017ರಿಂದ ಕೋರ್ಟ್ ತೀರ್ಪುಗಳು ಕ್ರೆಡಿಟ್ ರಿಪೋರ್ಟಿನಲ್ಲಿ ಬರುವುದಿಲ್ಲ. ಬಾಡಿಗೆದಾರರನ್ನು ನೋಡುವ ರಿಪೋರ್ಟೇ ಬೇರೆ. ಅದರಲ್ಲಿ ಏಳು ವರ್ಷ ಇರಬಹುದು.

ಬಂದ ಮೇಲೆ ಸಾಲು ಸಾಲು ಓದು. ಆ ರಿಪೋರ್ಟುಗಳಲ್ಲಿ ತಪ್ಪು ಜಾಸ್ತಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎವಿಕ್ಷನ್ ಲ್ಯಾಬ್‌ನವರು 12 ರಾಜ್ಯಗಳ ಕೋರ್ಟ್ ದಾಖಲೆ ತೆಗೆದು ನೋಡಿದ್ದರು. ಸರಾಸರಿ ಶೇಕಡಾ 22ರಷ್ಟು ದಾಖಲೆಗಳು ಒಂದೋ ಅಸ್ಪಷ್ಟ, ಇಲ್ಲವೇ ತಪ್ಪು. ನಮ್ಮ ಹೆಸರುಗಳ ಕಥೆ ಗೊತ್ತೇ ಇದೆ. ನಿನಗೆ ಅಪ್ಪನ ಹೆಸರೇ ಲಾಸ್ಟ್ ನೇಮ್. ಅದೇ ಜೋಡಿ ಹೆಸರಿನವರು ಈ ರಾಜ್ಯದಲ್ಲಿ ಇನ್ನೆಷ್ಟು ಮಂದಿಯೋ. ಬೇರೆಯವರದು ಸೇರಿದೆಯಾ, ಒಂದೇ ಕೇಸನ್ನು ಎರಡು ಸಲ ಬರೆದಿದ್ದಾರಾ ನೋಡು. ತಪ್ಪಿದ್ದರೆ ಬರೆದು ಕಳಿಸು. ಸಾಮಾನ್ಯವಾಗಿ 30 ದಿನದಲ್ಲಿ ಅವರು ಪರೀಕ್ಷಿಸಬೇಕು.

ಎರಡನೆಯದು ಇನ್ನೂ ಮುಖ್ಯ, ಅದಕ್ಕೆ ತಡ ಮಾಡಬೇಡ. ಡೇವಿಸ್ ಸೇರುವುದು ಯೋಲೋ ಕೌಂಟಿಗೆ, ವುಡ್‌ಲ್ಯಾಂಡ್‌ನಲ್ಲಿರುವ ಆ ಕೌಂಟಿಯ ಕೋರ್ಟಿಗೆ ಹೋಗಿ ಕೇಸಿನ ಕಾಗದ ತೆಗೆಸು. ಅಲ್ಲಿ ವಕೀಲರಿಲ್ಲದವರಿಗೆ ನೆರವಾಗುವ ಸೆಲ್ಫ್ ಹೆಲ್ಪ್ ಸೆಂಟರ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಕಾಗದವನ್ನು ಯಾರ ಕೈಗೆ, ಯಾವ ದಿನ ಕೊಟ್ಟೆವು ಅಂತ ಬರೆದಿರುತ್ತಾರೆ. ನೀನು ಆಗ ಅಲ್ಲಿ ಇರಲೇ ಇಲ್ಲ ಅನ್ನುವುದಕ್ಕೆ ಸ್ಯಾಕ್ರಮೆಂಟೊ ರೂಮಿನ ಬಾಡಿಗೆ ರಸೀದಿ ಇದೆ, ಆಫೀಸಿನ ಪತ್ರ ಇದೆ. ಆ ತೀರ್ಪನ್ನು ರದ್ದು ಮಾಡಿ ಅಂತ ಅರ್ಜಿ ಹಾಕಬಹುದು. ಅದಕ್ಕೆ ಗಡುವು ಇದೆ, ಕೆಲವು ಕಾರಣಗಳಿಗೆ ಆರೇ ತಿಂಗಳು. ರದ್ದಾದರೆ ಆ ಕೇಸು ಹೊರಗಿನವರಿಗೆ ಕಾಣದ ಹಾಗೆ ಮತ್ತೆ ಮುಚ್ಚಿಕೊಳ್ಳುತ್ತದೆ. ನಮ್ಮ ಕಾಲದಲ್ಲಿ ಕೇಸು ಹಾಕಿ 60 ದಿನ ಕಳೆದರೆ, ಅಷ್ಟರೊಳಗೆ ನಾವು ಗೆದ್ದಿರದಿದ್ದರೆ ಎಲ್ಲರಿಗೂ ಕಾಣುತ್ತಿತ್ತು. 2017ರಿಂದ ಕ್ಯಾಲಿಫೋರ್ನಿಯಾದಲ್ಲಿ ಅದು ತಿರುಗಿದೆ. ಆ 60 ದಿನದೊಳಗೆ ಓನರ್ ಗೆದ್ದರೆ ಮಾತ್ರ ತೆರೆದುಕೊಳ್ಳುತ್ತದೆ. ಹೋಗದೆ ಕೂತರೆ ಕಳೆದುಕೊಳ್ಳುವುದು ಇಂಥದ್ದನ್ನೇ. ಗೆದ್ದವನು ಸೋತ ಅನ್ನುವ ಮಾತು ತಾತನ ಹೊಲಕ್ಕೆ ಸರಿ. ನೀನು ಕೋರ್ಟಿಗೆ ಹೋಗು.

ಬಾಕಿ 6,400 ಡಾಲರ್. ಕಟ್ಟಬೇಕಾಗಿ ಬಂದರೆ ಕಟ್ಟೋಣ. ಆ ಇಬ್ಬರನ್ನು ಅವರವರ ಪಾಲು ಕೇಳು, ಆದರೆ ಅವರು ಕೊಡಲಿ ಅಂತ ಕಾಯಬೇಡ. ಓನರ್ ಜೊತೆ ಕಂತಿನ ಮಾತಾಡು, ಏನೇ ಒಪ್ಪಿದರೂ ಬರೆದುಕೊಡಲಿ. ಪೂರ್ತಿ ಕಟ್ಟಿದ ಮೇಲೆ ಹಣ ಸಂದಾಯವಾಗಿದೆ ಅಂತ ಅವರು ಕೋರ್ಟಿನಲ್ಲಿ ದಾಖಲಿಸಬೇಕು. ಆ ಫಾರಂ ಇಜೆ-100. ಹಣ ಕಟ್ಟಿ ಈ ಕಾಗದ ಮರೆಯುವವರೇ ಜಾಸ್ತಿ. ಕಾಗದ ಇಲ್ಲದಿದ್ದರೆ ಏಳು ವರ್ಷವೂ ಬಾಕಿ ಇದ್ದ ಹಾಗೇ ಕಾಣುತ್ತದೆ.

ಅಡ್ವಾನ್ಸ್ ಜಾಸ್ತಿ ಕೊಡ್ತೀನಿ ಅಂದರೆ ಒಪ್ಪಬಹುದಾ ಅಂತ ಕೇಳಿದೆ. ಅಜ್ಜಿಗೆ ನಾವು ಎರಡು ತಿಂಗಳದ್ದು ಕೊಟ್ಟಿದ್ದೆವು. ಈಗ ಆ ದಾರಿ ಹೆಚ್ಚುಕಡಿಮೆ ಮುಚ್ಚಿದೆ. 2024ರ ಜುಲೈ 1ರಿಂದ ಇಲ್ಲಿ ಡೆಪಾಸಿಟ್ ಒಂದು ತಿಂಗಳ ಬಾಡಿಗೆ ಮೀರುವ ಹಾಗಿಲ್ಲ. ಒಂದೆರಡು ಮನೆ ಇಟ್ಟುಕೊಂಡ ಸಣ್ಣ ಓನರ್‌ಗಳು ಮಾತ್ರ ಎರಡು ತಿಂಗಳದ್ದು ಕೇಳಬಹುದು. ಬಾಡಿಗೆದಾರರಿಗೆ ಒಳ್ಳೆಯ ಕಾನೂನು, ನಾನು ಒಪ್ಪುತ್ತೇನೆ. ನಿನ್ನಂಥವರಿಗೆ ಇದ್ದ ಒಂದು ಬಾಗಿಲು ಮಾತ್ರ ಅದರಿಂದ ಕಿರಿದಾಯಿತು. ಆದ್ದರಿಂದ ನೂರಾರು ಮನೆಯ ಕಾಂಪ್ಲೆಕ್ಸ್‌ಗಳಿಗೆ ಫೀ ಸುರಿಯುವುದು ಬಿಡು. ಅಲ್ಲಿ ಕಂಪ್ಯೂಟರ್ ಇಲ್ಲ ಅಂದರೆ ಮುಗಿಯಿತು. ಕೂತು ಕಾಗದ ಓದುವ ಓನರ್‌ಗಳನ್ನು ಹುಡುಕು. ಫೀ ಕೊಡುವ ಮುಂಚೆಯೇ ಕೇಳು, ನನಗೆ ಹೀಗೆ ಆಗಿದೆ, ಅರ್ಜಿ ನೋಡುತ್ತೀರಾ ಅಂತ. ಗ್ಯಾರಂಟಿಗೆ ಸಹಿ ಬೇಕಾದರೆ ಅಪ್ಪ ಹಾಕುತ್ತಾರೆ. ಮುಜುಗರ ಪಡಬೇಡ.

ಹೊಸ ಕ್ರೆಡಿಟ್ ನಂಬರ್ ಕೊಡುತ್ತೇವೆ, ಹಳೇ ದಾಖಲೆ ಅಳಿಸುತ್ತೇವೆ ಅಂತ ಇನ್‌ಸ್ಟಾಗ್ರಾಂನಲ್ಲಿ ಬರುತ್ತಲ್ಲ, ಅವರ ಹತ್ತಿರ ಹೋಗಲೇಬೇಡ. ಅದು ಮೋಸ. ಫಾರಂನಲ್ಲಿ ಆ ನಂಬರ್ ಬರೆದರೆ ಅಪರಾಧ ನಿನ್ನ ತಲೆಗೆ ಬರುತ್ತದೆ.

ಫಾರಂನಲ್ಲಿ ಆ ಪ್ರಶ್ನೆ ಬಂದಾಗ, ತೀರ್ಪು ಹಾಗೇ ಇರುವವರೆಗೆ, ‘ಹೌದು’ ಅಂತಲೇ ಬರೆ. ಪಕ್ಕದಲ್ಲಿ ಮೂರು ಸಾಲು: ಏನಾಯಿತು, ಬಾಕಿ ಏನಾಗಿದೆ, ಯಾವ ಕಾಗದ ಲಗತ್ತಿಸಿದ್ದೀಯ. ಅಳುವ ಹಾಗೆ ಬರೆಯಬೇಡ. ಗೆಳತಿಯರನ್ನು ಬೈಯಬೇಡ.

ಕನ್ನಡ ಕೂಟದ ಗ್ರೂಪಿನಲ್ಲಿ ಮಾತ್ರ ಹಾಕಬೇಡ ಅಮ್ಮಾ ಅಂದೆಯಲ್ಲ. ಮನೆ ಬಿಟ್ಟ ಮೇಲೆ ಬಂದ ಯುಗಾದಿಗೆ ನಾನೂ ಹಾಗೇ ಮಾಡಿದ್ದೆ. ನಿನ್ನ ಸ್ಕೂಲಿಗೋಸ್ಕರ ಮನೆ ಬದಲಾಯಿಸಿದೆವು ಅಂತ ಎಲ್ಲರ ಎದುರು ನಕ್ಕುಕೊಂಡು ಹೇಳಿದೆ. ಅವತ್ತು ಊಟಕ್ಕೆ ಪಕ್ಕದಲ್ಲಿ ಕೂತಿದ್ದವರಿಗೆ ಯೂನಿಯನ್ ಸಿಟಿಯಲ್ಲಿ ಒಂದು ಖಾಲಿ ಮನೆ ಇತ್ತು ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಮಿಲ್ಪಿಟಸ್ ಆಂಟಿಯ ತಮ್ಮನಿಗೆ ಸ್ಯಾಕ್ರಮೆಂಟೊ ಹತ್ತಿರ ಎಲ್ಕ್ ಗ್ರೋವ್‌ನಲ್ಲಿ ಮನೆ ಇದೆ, ಹಿಂದುಗಡೆ ಒಂದು ಸಣ್ಣ ಭಾಗ ಬಾಡಿಗೆಗೆ ಕೊಡುತ್ತಾರಂತೆ. ಆಂಟಿಗೆ ಇವತ್ತು ಫೋನ್ ಮಾಡಿ ನಿನ್ನದನ್ನು ಹೇಳಿದೆ. ನಿನ್ನನ್ನು ಕೇಳದೆ ಹೇಳಿದ್ದಕ್ಕೆ ಬೈದುಕೋ. ಆದರೆ ಭಾನುವಾರ ಹನ್ನೊಂದಕ್ಕೆ ಬನ್ನಿ ಅಂದಿದ್ದಾರೆ.

ಶನಿವಾರ ಬೆಳಿಗ್ಗೆಯೇ ನಾವಿಬ್ಬರೂ ಬರುತ್ತೇವೆ. ಅಷ್ಟರಲ್ಲಿ ಡೇವಿಸ್‌ನಲ್ಲಿ ನೀನು ಕಟ್ಟಿದ ಬಾಡಿಗೆಯ ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ತಿಂಗಳ ಪ್ರಕಾರ ಜೋಡಿಸಿಡು. ಸೋಮವಾರ ಅಪ್ಪ ರಜೆ ಹಾಕಿದ್ದಾರೆ, ನಿನ್ನನ್ನು ವುಡ್‌ಲ್ಯಾಂಡ್‌ಗೆ ಅವರೇ ಕರೆದುಕೊಂಡು ಹೋಗುತ್ತಾರೆ. ನಮ್ಮ ಹಳೇ ಫೈಲು ಗರಾಜಿನಲ್ಲಿ ಸಿಕ್ಕಿತು. ಅಜ್ಜಿಯ ರಸೀದಿಗಳ ಕೆಳಗೆ ನಿನ್ನ ಹಣತೆ ಚಿತ್ರವೂ ಇದೆ, ಹಿಂಬದಿಗೆ ಬಾಗಿಲಿನ ಬಣ್ಣ ಅಂಟಿಕೊಂಡಿದೆ. ತರುತ್ತೇನೆ.

ನಿನ್ನ ಅಮ್ಮ