ಮಗಳಿಗೊಂದು ಪತ್ರ: ಎರಡನೇ ಬಾಣ

ಪುಟ್ಟಿ,

ಎಂಟು ವಾರದ ಮೈಂಡ್‌ಫುಲ್‌ನೆಸ್ ಥೆರಪಿಗೆ, ಅಂದರೆ ಈ ಕ್ಷಣದಲ್ಲಿ ಆಗುತ್ತಿರುವುದನ್ನು ಸುಮ್ಮನೆ ಗಮನಿಸಲು ಕಲಿಸುವ ಚಿಕಿತ್ಸೆಗೆ, ಸೇರಲಾ ಅಂತ ಕೇಳಿದ್ದೆ ಅಲ್ವಾ. ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸೇರು.

ಸುಮ್ನೆ ಧ್ಯಾನ ಮಾಡು, ಎಲ್ಲ ಸರಿಹೋಗುತ್ತೆ ಎಂದು ದೊಡ್ಡಮ್ಮ ಹೇಳುತ್ತಾರಲ್ಲ, ಆ ಮಾತು ಇಲ್ಲಿ ಸಲ್ಲದು. 1979ರಲ್ಲಿ ಜಾನ್ ಕಬಟ್-ಜಿನ್ ಅಮೆರಿಕದ ಒಂದು ಮೆಡಿಕಲ್ ಕಾಲೇಜಿನಲ್ಲಿ ದೀರ್ಘಕಾಲದ ನೋವಿನವರಿಗೆ ಬೌದ್ಧ ಧ್ಯಾನವನ್ನು ಕಲಿಸತೊಡಗಿದರು. ಆಮೇಲೆ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಅದರ ಜೊತೆ ಯೋಚನೆಯ ರೀತಿಯನ್ನು ಗುರುತಿಸಿ ಬದಲಿಸಲು ಕಲಿಸುವ ಕಾಗ್ನಿಟಿವ್ ಥೆರಪಿ ಸೇರಿಸಿ, ಡಿಪ್ರೆಶನ್ ಮತ್ತೆ ಬರದಂತೆ ತಡೆಯುವುದಕ್ಕೆಂದೇ ಈ ಕೋರ್ಸ್ ಮಾಡಿದರು. 2000ದಲ್ಲಿ ಬಂದ ಅವರ ಅಧ್ಯಯನದಲ್ಲಿ, ಮೂರು ಅಥವಾ ಜಾಸ್ತಿ ಸಲ ಡಿಪ್ರೆಶನ್ ಬಂದುಹೋದವರ ಪೈಕಿ, ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ. 66 ಜನರಿಗೆ ಅದು ಮರುಕಳಿಸಿತು, ಇದನ್ನೂ ಕಲಿತವರಲ್ಲಿ ಶೇ. 37. ನಿನಗೂ ಮೂರು ಸಲ ಬಂದುಹೋಗಿದೆ, ಈಗ ಚೆನ್ನಾಗಿದ್ದೀಯ. ಕಲಿಯುವುದಕ್ಕೆ ಇದೇ ಹೊತ್ತು.

ಬುದ್ಧ ಎರಡು ಬಾಣದ ಮಾತು ಹೇಳುತ್ತಾನೆ. ಮೈಗೆ ಆಗುವ ನೋವು ಮೊದಲನೆಯದು, ಅದನ್ನು ನೆನೆದು ಮನಸ್ಸು ಗೋಳಾಡುವುದು ಎರಡನೆಯದು. ಬೆಳಿಗ್ಗೆ ಎದ್ದಾಗ ನಿನಗೆ ಮೈ ಭಾರ, ಹಲ್ಲುಜ್ಜಲೂ ಬೇಸರ. ಅಷ್ಟೇ ಆಗಿದ್ದರೆ ಮಧ್ಯಾಹ್ನದ ಹೊತ್ತಿಗೆ ಹೋಗಬಹುದಿತ್ತು. ಆದರೆ ಹಲ್ಲುಜ್ಜುತ್ತಲೇ ‘ಮತ್ತೆ ಶುರುವಾಯ್ತು, ನಾನು ಯಾವತ್ತೂ ಸರಿಯಾಗಲ್ಲ, ಕೆಲಸವೂ ಹೋಗುತ್ತೆ’ ಎಂದು ಮನಸ್ಸು ಓಡುತ್ತದೆ, ಸಂಜೆಯೊಳಗೆ ನೀನು ಹಾಸಿಗೆ ಹಿಡಿದಿರುತ್ತೀಯ. ಆ ಓಟ ಶುರುವಾಗುವಾಗಲೇ ‘ಓ, ಇದೊಂದು ಯೋಚನೆ’ ಎಂದು ಗುರುತು ಹಿಡಿಯುವುದನ್ನು ಅಲ್ಲಿ ಕಲಿಸುತ್ತಾರೆ. ಯೋಚನೆಯನ್ನು ಓಡಿಸಬೇಕಿಲ್ಲ, ಅದರ ಜೊತೆ ವಾದಕ್ಕೂ ಇಳಿಯಬೇಕಿಲ್ಲ.

ಮೊದಲ ಕ್ಲಾಸಿನಲ್ಲಿ ಒಂದು ಒಣದ್ರಾಕ್ಷಿ ಕೊಟ್ಟು, ತಿರುಗಿಸಿ ನೋಡು, ಮೂಸು, ನಿಧಾನಕ್ಕೆ ಅಗಿ ಎನ್ನುತ್ತಾರೆ. ನಗು ಬಂದರೂ ಮಾಡು. ಬೈಲಕುಪ್ಪೆಯ ಭಿಕ್ಕುಗಳ ಥರ ಗಂಟೆಗಟ್ಟಲೆ ಕೂರಬೇಕಾ ಎಂದು ಹೆದರಬೇಡ. ಮೂರು ನಿಮಿಷದ ಉಸಿರಾಟದ ಅಭ್ಯಾಸವೂ ಇದೆ, ಆಫೀಸಿನಲ್ಲೇ ಮಾಡಬಹುದು. ಇಲ್ಲಿಗೆ ಬಂದಾಗ ಕುಕ್ಕರಹಳ್ಳಿ ಕೆರೆ ಏರಿ ಮೇಲೆ, ಮೊಬೈಲ್ ಮನೆಯಲ್ಲಿಟ್ಟು, ಪಾದ ನೆಲ ಮುಟ್ಟುವುದನ್ನೇ ಗಮನಿಸುತ್ತಾ ಇಬ್ಬರೂ ನಡೆಯೋಣ. ದೇವರು, ಪೂಜೆ ಯಾವುದನ್ನೂ ಬಿಡಬೇಕಿಲ್ಲ.

ಎರಡು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಕೂಡದು. ಕಣ್ಣು ಮುಚ್ಚಿದಾಗ ಹಳೆಯ ನೋವು ನುಗ್ಗಿ ಬಂದರೆ ಹಲ್ಲು ಕಚ್ಚಿ ಕೂರಬೇಡ. ಕಣ್ಣು ತೆರೆ, ಕಲಿಸುವವರಿಗೆ ಆಗಲೇ ಹೇಳು. ಮಧ್ಯರಾತ್ರಿಯಾದರೂ ನನಗೆ ಫೋನ್ ಮಾಡು. ನಾನು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಫೀಸು ನಾನು ಕಟ್ಟುತ್ತೇನೆ. ಎಷ್ಟು ಅಂತ ನಾಳೆಯೇ ಕೇಳಿ ತಿಳಿಸು.

ಅಮ್ಮ
ಮೈಸೂರು