ಮೀನಿನ ಹೊಂಡಕ್ಕೂ ವೈದ್ಯರ ಚೀಟಿ ಬೇಕು

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ನಮ್ಮ ಹೊಂಡದ ಕಾಟ್ಲಾ, ರೋಹು ಮೀನುಗಳ ಮೈಮೇಲೆ ಕೆಂಪು ಹುಣ್ಣು ಕಾಣಿಸಿಕೊಂಡಿತು. ಅಂಗಡಿಯವರು ಒಂದು ಪ್ರಶ್ನೆಯನ್ನೂ ಕೇಳದೆ ಆಂಟಿಬಯೋಟಿಕ್ ಪುಡಿ ಕೊಟ್ಟರು. ಮೇವಿಗೆ ಬೆರೆಸಿ ಹಾಕಿದೆ, ಮೀನು ಉಳಿಯಲಿಲ್ಲ.

ಇಂಥ ಹುಣ್ಣಿಗೆ ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾ ಸಾಮಾನ್ಯ ಕಾರಣ. ಕಾಯಿಲೆ ಬಿದ್ದ ಮೀನು ಮೇವನ್ನು ಸರಿಯಾಗಿ ಮುಟ್ಟುವುದೇ ಇಲ್ಲ. ಔಷಧದ ಬಹುಪಾಲು ನೀರಿಗೆ, ಕೆಸರಿಗೆ ಸೇರುತ್ತದೆ. ಅಲ್ಲಿ ಬದುಕುಳಿದ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದ ಗುಣವನ್ನು ಬೇರೆ ಜಾತಿಯವಕ್ಕೂ ದಾಟಿಸಬಲ್ಲವು, ಮನುಷ್ಯರನ್ನು ಕಾಡುವವಕ್ಕೂ. ನಮ್ಮ ಹೊಂಡದ ನೀರು ಹರಿಯುವುದು ಊರವರ ಗದ್ದೆಗೆ. ಅದನ್ನು ನೆನೆದರೆ ನಿದ್ದೆ ಬರುವುದಿಲ್ಲ.

ನಾರ್ವೆಯ ಸಾಲ್ಮನ್ ಸಾಕಣೆಯಲ್ಲಿ 1987ರಲ್ಲಿ ಸುಮಾರು 48 ಟನ್ ಆಂಟಿಬಯೋಟಿಕ್ ಬಳಕೆಯಾಗಿತ್ತು. ಮೀನುಗಳಿಗೆ ಲಸಿಕೆ ಹಾಕತೊಡಗಿದ ಮೇಲೆ, ಉತ್ಪಾದನೆ ಹಲವು ಪಟ್ಟು ಹೆಚ್ಚಿದರೂ, ಅದು ಒಂದೆರಡು ಟನ್ನಿಗೆ ಇಳಿಯಿತು. ನಮ್ಮಂಥ ಸಣ್ಣ ಕೃಷಿಕರಿಗೆ ಲಸಿಕೆ ಇನ್ನೂ ದೂರದ ಮಾತು. ಯಾವ ಔಷಧ ನಾಟುತ್ತದೆಂದು ಪರೀಕ್ಷಿಸಿ ಹೇಳುವ ಪ್ರಯೋಗಾಲಯವಾದರೂ ಪ್ರತಿ ಜಿಲ್ಲೆಯಲ್ಲಿರಲಿ. ಮಲೆನಾಡಿನಿಂದ ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ಮಾದರಿ ಒಯ್ಯುವಷ್ಟರಲ್ಲಿ ಮೀನು ಕೊಳೆತಿರುತ್ತದೆ. ಚೀಟಿಯಿಲ್ಲದ ಮಾರಾಟವನ್ನು ಸರ್ಕಾರ ಕೂಡಲೇ ತಡೆಯಬೇಕು.

– ಮೀನು ಕೃಷಿಕ, ಶಿವಮೊಗ್ಗ ಜಿಲ್ಲೆ